ನವಿಲು, ಬಂದೂಕು ಮತ್ತು ಮೊದಲ ಶೀಲ

*ಇಂದಿನ ಧಮ್ಮ ಚಿಂತನೆ*



ನಮ್ಮ ಬಂಕಾಪುರದ ಕೋಟೆ ಅಂದರೆ ನವಿಲು. 2006ರಲ್ಲಿ ಸರ್ಕಾರ ಅದನ್ನು ನವಿಲುಧಾಮ ಎಂದು ಘೋಷಿಸಿತು. ನೋಡಲು ಬರುವವರಿಗೆ ಅದು ಚಂದ. ಕೋಟೆಯ ಆಚೆ ಎರಡು ಎಕರೆ ಶೇಂಗಾ ಬಿತ್ತಿದ ನಮ್ಮ ಕಾಕಾನಿಗೆ ಮಾತ್ರ ಅದು ಬೀಜ ಕೆದರಿ ತಿನ್ನುವ ಹಕ್ಕಿ.

ಹೋದ ಮುಂಗಾರಿನಲ್ಲಿ ಒಂದು ಸಂಜೆ ಕಾಕಾ ಮನೆಗೆ ಬಂದ. "ಬಾಜೂ ಹೊಲದಾಂವ ತನ್ನ ಬಂದೂಕ ಕೊಡ್ತೀನಿ ಅಂದಾನ. ಒಂದ ನವಲ ಬಿದ್ರ ಉಳದವು ಈ ಕಡೆ ಬರೂದಿಲ್ಲಂತ. ನೀ ಕಲಿತಾಂವ ಅದಿ ತಮ್ಮಾ, ಏನ ಮಾಡ್ಲಿ ಹೇಳು."

ಅದು ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಹೊಡೆಯುವ ಹಳೆಯ ಬಂದೂಕು. ನಾನು ಕಾಯ್ದೆ ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯಲು ಇಂಥ ಬಂದೂಕಿಗೆ ಲೈಸನ್ಸ್ ಕೊಡಲು ಅವಕಾಶವಿದೆ. ರಿಪೇರಿ ಮಾಡಿದರೂ ಗುಂಡು ಹಾರದ ಪುರಾತನ ಬಂದೂಕಾದರೆ ಆ ಕಾಯ್ದೆ ಅದಕ್ಕೆ ಅನ್ವಯಿಸುವುದೇ ಇಲ್ಲ. ಆದರೆ ಲೈಸನ್ಸ್ ಇರುವುದು ಬಂದೂಕು ಇಟ್ಟುಕೊಳ್ಳಲು, ಅದೂ ಆ ಹೆಸರಿನವನಿಗೆ ಮಾತ್ರ. ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಜೊತೆಗೆ ಪಂಚಶೀಲದ ಮೊದಲ ಶೀಲವನ್ನೂ ನೆನಪಿಸಿದೆ.

ಕಾಕಾ ಎಲ್ಲ ಕೇಳಿ ಅಂದ: "ಕಾಯ್ದೆ ತಿಳೀತು, ಶೀಲಾನೂ ತಿಳೀತು. ನಿನಗ ತಿಂಗಳಾ ಪಗಾರ ಬರತೈತಿ. ನನ್ನ ಹೊಲ ಖಾಲಿ ಆದ್ರ ಮಕ್ಕಳ ಹೊಟ್ಟಿ ಯಾರ ತುಂಬಸ್ತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ 'ಬುದ್ಧ ಮತ್ತು ಆತನ ಧಮ್ಮ' ತೆರೆದೆ. ಬುದ್ಧರು ಅಹಿಂಸೆಯನ್ನು ನಿಯಮವಾಗಿ ಅಲ್ಲ, ತತ್ವವಾಗಿ ಹೇಳಿದರು ಎಂದು ಬಾಬಾಸಾಹೇಬರು ವಿವರಿಸುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎನ್ನುತ್ತಾರೆ. ನಿಯಮ ಬಂದರೆ ಪಾಲಿಸುತ್ತೇವೆ ಅಥವಾ ಮುರಿಯುತ್ತೇವೆ. ತತ್ವವಾದರೆ ಯೋಚಿಸಬೇಕು.

ಹಾಗಾದರೆ ಕಾಕಾನದು ಅಗತ್ಯವೇ? ಬೇರೆ ದಾರಿಗಳೆಲ್ಲ ಮುಗಿದಾಗ ತಾನೇ ಅದು ಅಗತ್ಯ? ಒಬ್ಬಂಟಿ ಮನುಷ್ಯನಿಗೆ ದಾರಿಗಳು ಬೇಗ ಮುಗಿಯುತ್ತವೆ. ಅವನನ್ನು ಒಬ್ಬಂಟಿ ಬಿಟ್ಟವರು ನಾವೇ. ಹೊಲ ಅವನದು, ನಷ್ಟ ಅವನದು, ಶೀಲದ ಮಾತು ಮಾತ್ರ ನಮ್ಮದು!

ಮರುದಿನ ನಸುಕಿನಲ್ಲಿ ನಾನು, ನನ್ನ ಮಗಳು, ನಮ್ಮ ಬಳಗದ ಇಬ್ಬರು ಹೊಲಕ್ಕೆ ಹೋದೆವು. ಸಸಿ ಗಟ್ಟಿಯಾಗುವವರೆಗೆ ಬೆಳಗ್ಗೆ, ಸಂಜೆ ಪಾಳಿ ಹಾಕಿ ಖಾಲಿ ಡಬ್ಬಿ ಬಡಿದೆವು. ಆದರೂ ಒಂದು ಮೂಲೆ ಹೋಯಿತು. ಅದಕ್ಕೆ ಮತ್ತೆ ಬೀಜ ತರಲು ಎಲ್ಲರೂ ಸೇರಿ ದುಡ್ಡು ಹಾಕಿದೆವು.

ಡಬ್ಬಿ ಬಡಿಯುತ್ತ ಕಾಕಾ ನಕ್ಕ. ಹಿಂದೆ ಊರ ದೊಡ್ಡಮನೆಯವರು ಬೇಟೆಗೆ ಹೊರಟರೆ ಪೊದೆ ಬಡಿದು ಮೊಲ, ಹಂದಿ ಎಬ್ಬಿಸುವ ಬಿಟ್ಟಿ ಕೆಲಸ ನಮ್ಮ ಅಜ್ಜಂದಿರದಾಗಿತ್ತು. "ಅವರು ಬಂದೂಕಿನ ಮುಂದ ತರಾಕ ಬಡಿತಿದ್ರು. ನಾವು ಬಂದೂಕಿನಿಂದ ದೂರ ಓಡಸಾಕ ಬಡಿಯಾಕತ್ತೇವಿ."

ಬಾಜೂ ಹೊಲದವನ ಬಂದೂಕು ಅವನ ಮನೆಯಲ್ಲೇ ಉಳಿಯಿತು.

*ಇಂದು ಯೋಚಿಸೋಣ:* ನಾನು ಪಾಲಿಸುವ ಶೀಲದ ಖರ್ಚನ್ನು ಬೇರೆ ಯಾರಾದರೂ ಹೊರುತ್ತಿದ್ದಾರೆಯೇ? ಅದರಲ್ಲಿ ನನ್ನ ಪಾಲೆಷ್ಟು?

ಜೈ ಭೀಮ್. ನಮೋ ಬುದ್ಧಾಯ. 💙