ನಿದ್ದೆ ಬಾರದಿರುವುದು ಈಮಾನಿನ ದೌರ್ಬಲ್ಯವೇ?

ತಮಗೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಯಾರಾದರೂ ನಿಮ್ಮಲ್ಲಿ ಹೇಳಿಕೊಂಡರೆ ನೀವು ಏನು ಉತ್ತರ ಕೊಡುತ್ತೀರಿ? ನಮ್ಮಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ವುಝೂ ಮಾಡಿ ಮಲಗಿ, ಆಯತುಲ್ ಕುರ್ಸಿ ಓದಿ, ಝಿಕ್ರ್ ಹೇಳುತ್ತಾ ಇರಿ, ನಿದ್ದೆ ತಾನಾಗಿ ಬರುತ್ತದೆ. ಈ ಉತ್ತರದಲ್ಲಿ ತಪ್ಪೇನಿಲ್ಲ. ಇವೆಲ್ಲವೂ ಪ್ರವಾದಿವರ್ಯರು(ಸ) ಕಲಿಸಿಕೊಟ್ಟ ಕ್ರಮಗಳೇ. ಆದರೆ ಅದೇ ವ್ಯಕ್ತಿ ಒಂದು ವಾರದ ಬಳಿಕ ಬಂದು, ಎಲ್ಲವನ್ನೂ ಮಾಡಿದೆ, ಆದರೂ ನಿದ್ದೆಯಿಲ್ಲ ಎಂದರೆ? ಆಗ ನಮ್ಮ ಧಾಟಿ ಬದಲಾಗುತ್ತದೆ. ಮನಸ್ಸಿಟ್ಟು ಓದಿದ್ದೀರಾ ಎಂದು ಕೇಳುತ್ತೇವೆ. ತವಕ್ಕುಲ್ ಸಾಲದು ಎನ್ನುತ್ತೇವೆ. ಅಲ್ಲಾಹನ ಮೇಲೆ ಭರವಸೆಯಿದ್ದವನಿಗೆ ನಿದ್ದೆ ಬಾರದಿರುವುದುಂಟೇ ಎಂದೂ ಹೇಳಿಬಿಡುತ್ತೇವೆ. ನೋವು ಹೇಳಿಕೊಳ್ಳಲು ಬಂದವನು ಆರೋಪಿಯಾಗಿ ಹಿಂದಿರುಗುತ್ತಾನೆ. ಆ ರಾತ್ರಿ ಅವನನ್ನು ಎಚ್ಚರವಾಗಿಡಲು ಇನ್ನೊಂದು ಚಿಂತೆಯನ್ನು ನಾವೇ ಕೊಟ್ಟಿರುತ್ತೇವೆ: ನನ್ನ ಈಮಾನ್ ಸರಿಯಿಲ್ಲವೇನೋ!

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನೀವು ಕೇಳಿಯೇ ಇದ್ದೀರಿ. ಗಾದೆ ಹೇಳುವುದು ಚಿಂತೆಯಿಲ್ಲದವನ ಬಗ್ಗೆ. ನಾವು ಅದನ್ನು ಪಾಪವಿಲ್ಲದವನೆಂದು ತಿದ್ದಿಕೊಂಡಿದ್ದೇವೆ. ಸುತ್ತಲೂ ಒಮ್ಮೆ ಕಣ್ಣಾಡಿಸಿ ನೋಡಿ. ಅನಾಥರ ಆಸ್ತಿಯನ್ನು ನುಂಗಿದವನು ತಂಪು ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಆಸ್ತಿ ಕಳಕೊಂಡ ವಿಧವೆ ಮಕ್ಕಳ ಮಗ್ಗುಲಲ್ಲಿ ಕಣ್ಣು ತೆರೆದು ಮಲಗಿರುತ್ತಾಳೆ. ನಿದ್ದೆಯು ಸಜ್ಜನಿಕೆಗೆ ಸಿಗುವ ಕೂಲಿಯಾಗಿದ್ದರೆ ಹೀಗಾಗುತ್ತಿತ್ತೇ?

ಪವಿತ್ರ ಕುರ್‌ಆನ್ ನಿದ್ದೆಯನ್ನು ಎಲ್ಲಿಯೂ ಕೂಲಿಯೆಂದು ಹೇಳಿಲ್ಲ. ಅರ್‍ರೂಮ್ ಅಧ್ಯಾಯದಲ್ಲಿ ಅದು ಅಲ್ಲಾಹನ ನಿದರ್ಶನಗಳ ಸಾಲಿನಲ್ಲಿ ಬರುತ್ತದೆ. ಆಕಾಶ ಭೂಮಿಗಳ ಸೃಷ್ಟಿ, ಭಾಷೆ ಮತ್ತು ಮೈಬಣ್ಣಗಳ ವೈವಿಧ್ಯ, ಮಿಂಚು, ಮಳೆ ಇವುಗಳ ನಡುವೆ ನಿದ್ದೆಯ ಪ್ರಸ್ತಾಪವಿದೆ. ಅನ್ನಬಅ್ ಅಧ್ಯಾಯದಲ್ಲಿ ಅದನ್ನು ವಿಶ್ರಾಂತಿಯ ಸಾಧನವಾಗಿ ಮಾಡಿದುದರ ಉಲ್ಲೇಖವಿದೆ. ಮಳೆಯು ಸತ್ಯವಿಶ್ವಾಸಿಯ ಗದ್ದೆಗೂ ನಿಷೇಧಿಯ ಗದ್ದೆಗೂ ಸುರಿಯುವಂತೆ ನಿದ್ದೆಯೂ ಇಬ್ಬರಿಗೂ ಬರುತ್ತದೆ, ಇಬ್ಬರಿಗೂ ತಪ್ಪುತ್ತದೆ. ರಾತ್ರಿ ಎದ್ದು ನಮಾಝ್ ಮಾಡುವ ಸಂಕಲ್ಪದಿಂದ ಮಲಗಿದವನು ನಿದ್ದೆ ಮೀರಿ ಬೆಳಗಿನವರೆಗೂ ಮಲಗಿಬಿಟ್ಟರೆ ಅವನ ಸಂಕಲ್ಪಕ್ಕೆ ಪುಣ್ಯ ದಾಖಲಾಗುವುದೆಂದೂ ಆ ನಿದ್ದೆಯು ಅವನಿಗೆ ಅವನ ಪ್ರಭುವಿನ ಸದಕಾ ಆಗಿರುವುದೆಂದೂ ನಸಾಈಯವರು ಉದ್ಧರಿಸಿದ ಒಂದು ಹದೀಸ್‌ನಲ್ಲಿದೆ. ಸದಕಾ ಎಂದರೆ ದಾನ. ದಾನ ಸಿಗದವನನ್ನು ಅಪರಾಧಿಯೆಂದು ಯಾರೂ ಹೇಳುವುದಿಲ್ಲ.

ಈಗ ಮದೀನದ ಒಂದು ರಾತ್ರಿಯನ್ನು ನೆನಪಿಸಿಕೊಳ್ಳಿ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇರುವ ಈ ಘಟನೆಯನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಹಿಜ್‌ರತ್‌ನ ನಂತರದ ಆರಂಭದ ದಿನಗಳು. ಶತ್ರುಗಳ ಭಯ ಎಲ್ಲೆಡೆ ಇತ್ತು. ಆ ರಾತ್ರಿ ಪ್ರವಾದಿವರ್ಯರಿಗೆ(ಸ) ನಿದ್ದೆ ಬರಲಿಲ್ಲ. ತನ್ನ ಸಂಗಾತಿಗಳಲ್ಲಿ ಯಾರಾದರೊಬ್ಬ ಸಜ್ಜನ ಈ ರಾತ್ರಿ ಕಾವಲಿಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ಹೇಳಿದರು. ಅಷ್ಟರಲ್ಲಿ ಹೊರಗೆ ಆಯುಧಗಳ ಸದ್ದಾಯಿತು. ಯಾರೆಂದು ವಿಚಾರಿಸಿದಾಗ ಬಂದವರು ಸಅದ್ ಬಿನ್ ಅಬೀ ವಕ್ಕಾಸ್(ರ). ಪ್ರವಾದಿಯವರ(ಸ) ಬಗ್ಗೆ ಮನಸ್ಸಿನಲ್ಲಿ ಏನೋ ಆತಂಕ ಮೂಡಿತು, ಕಾವಲು ಕಾಯಲೆಂದು ಬಂದೆ ಎಂದರು. ಪ್ರವಾದಿಯವರು(ಸ) ಅವರಿಗಾಗಿ ಪ್ರಾರ್ಥಿಸಿ ಮಲಗಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಉಸಿರಿನ ಸದ್ದು ನಮಗೆ ಕೇಳಿಸಿತು ಎಂದು ಹ. ಆಯಿಶಾ(ರ) ನೆನಪಿಸಿಕೊಳ್ಳುತ್ತಾರೆ.

ಈ ಹದೀಸನ್ನು ನಾವು ಸಾಮಾನ್ಯವಾಗಿ ಸಅದ್‌ರ(ರ) ಶ್ರೇಷ್ಠತೆಯನ್ನು ಹೇಳಲು ಬಳಸುತ್ತೇವೆ. ಅದು ಸರಿಯೇ. ಆದರೆ ನಿದ್ದೆಗೆಟ್ಟವರು ಇದನ್ನು ಇನ್ನೊಂದು ಸಲ ಓದಬೇಕು. ತವಕ್ಕುಲ್‌ನ ಪಾಠವನ್ನು ಲೋಕಕ್ಕೆ ಕಲಿಸಿದವರಿಗೇ ಒಂದು ರಾತ್ರಿ ನಿದ್ದೆ ಬರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ, ಪತ್ನಿಯೊಂದಿಗೆ ಬಾಯಿಬಿಟ್ಟು ಹೇಳಿದರು. ತನಗೆ ಏನು ಬೇಕೆಂಬುದನ್ನೂ ಹೇಳಿದರು. ಅವರು ಬಯಸಿದ್ದು ಒಬ್ಬ ಮನುಷ್ಯನ ಸಾನ್ನಿಧ್ಯವನ್ನು. ಬಾಗಿಲಾಚೆ ಒಬ್ಬ ನಂಬಿಗಸ್ಥ ಎಚ್ಚರವಾಗಿದ್ದಾನೆಂದು ತಿಳಿದಾಗ ನಿದ್ದೆ ಬಂತು. ಇದರಿಂದ ಅವರ ಭರವಸೆಗೆ ಕುಂದಾಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಹಾಗಿದ್ದರೆ ಗಂಡ ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದು, ಮಕ್ಕಳೊಂದಿಗೆ ಒಬ್ಬಂಟಿಯಾಗಿ ಮಲಗುವ ನಮ್ಮ ಸಹೋದರಿಗೆ ಬಾಗಿಲು ಅಲುಗಿದರೂ ಎಚ್ಚರವಾಗುವುದು ಈಮಾನಿನ ಕೊರತೆ ಹೇಗಾಗುತ್ತದೆ? ಅವಳಿಗೆ ಬೇಕಾಗಿರುವುದು ಉಪದೇಶವೋ, ಅಥವಾ ರಾತ್ರಿ ಜೊತೆಗಿರಲು ಬರುವ ಒಬ್ಬ ಅತ್ತೆಯೋ ಚಿಕ್ಕಮ್ಮನೋ?

ಇದೇ ಆಯಿಶಾ(ರ) ಸ್ವತಃ ಅನುಭವಿಸಿದ ರಾತ್ರಿಗಳೂ ಇವೆ. ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮರಳಿದ ಬಳಿಕ ಕಪಟವಿಶ್ವಾಸಿಗಳು ಅವರ ಮೇಲೆ ಸುಳ್ಳಾರೋಪ ಹೊರಿಸಿದರು. ವಿಷಯ ಮಿಸ್ತಹ್‌ರ ತಾಯಿಯ ಮೂಲಕ ಕಿವಿಗೆ ಬಿದ್ದ ಮೇಲೆ ಅವರು ತವರುಮನೆಗೆ ಹೋದರು. ಕಣ್ಣೀರು ನಿಲ್ಲಲಿಲ್ಲ, ಕಣ್ಣು ಮುಚ್ಚಲಿಲ್ಲ. ಎರಡು ರಾತ್ರಿ ಒಂದು ಹಗಲು ಹೀಗೆಯೇ ಕಳೆಯಿತು. ಅತ್ತು ಅತ್ತು ಎದೆ ಒಡೆದು ಹೋಗುವುದೋ ಎಂದು ತಂದೆ ತಾಯಿ ಭಯಪಟ್ಟರು. ಆ ರಾತ್ರಿಗಳಲ್ಲಿ ಮದೀನದಲ್ಲಿ ಯಾರೆಲ್ಲ ಸುಖವಾಗಿ ನಿದ್ರಿಸುತ್ತಿದ್ದಿರಬಹುದು, ನೀವೇ ಯೋಚಿಸಿ. ಸುದ್ದಿ ಹುಟ್ಟಿಸಿದ ಅಬ್ದುಲ್ಲಾ ಬಿನ್ ಉಬಯ್ಯ್‌ಗೆ ನಿದ್ದೆ ಕೆಟ್ಟಿತೆಂದು ಯಾವ ವರದಿಯೂ ಇಲ್ಲ. ನಿರ್ದೋಷಿಯಾದ ಹೆಣ್ಣುಮಗಳು ಎಚ್ಚರವಾಗಿದ್ದಳು. ಕೊನೆಗೆ ಅನ್ನೂರ್ ಅಧ್ಯಾಯದ ಸೂಕ್ತಗಳು ಅವತೀರ್ಣಗೊಂಡು ಸತ್ಯ ಬಯಲಾಯಿತು. ಆದರೆ ಆ ಘಟನೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಬ್ಬ ಮಹಿಳೆಯಿದ್ದಾರೆ. ಅನುಮತಿ ಕೇಳಿ ಒಳಗೆ ಬಂದ ಒಬ್ಬ ಅನ್ಸಾರಿ ಸ್ತ್ರೀ. ಅವರ ಹೆಸರನ್ನು ಆ ವರದಿ ಹೇಳುವುದಿಲ್ಲ. ಅವರು ಆಯಿಶಾರ(ರ) ಪಕ್ಕದಲ್ಲಿ ಕುಳಿತು ಅವರೊಂದಿಗೆ ತಾನೂ ಅತ್ತರು. ಅವರು ಏನಾದರೂ ಬುದ್ಧಿಮಾತು ಹೇಳಿದರೆಂದು ವರದಿಯಲ್ಲಿ ಇಲ್ಲ. ಇಷ್ಟೆಲ್ಲ ವರ್ಷಗಳ ಬಳಿಕವೂ ಹ. ಆಯಿಶಾ(ರ) ಆ ಸ್ತ್ರೀಯನ್ನು ನೆನೆದು ಹೇಳಿದ್ದಾರೆಂದರೆ ಅದರ ಬೆಲೆ ಎಷ್ಟಿರಬೇಕು!

ಮನಸ್ಸಾಕ್ಷಿ ಚುಚ್ಚಿ ನಿದ್ದೆ ಹೋಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಮಲಗುವಲ್ಲಿ ಸಿಕ್ಕಿದ ಒಂದು ಖರ್ಜೂರವನ್ನು ತಿಂದ ಪ್ರವಾದಿವರ್ಯರು(ಸ), ಅದು ಝಕಾತಿನ ಖರ್ಜೂರವಾಗಿದ್ದರೆ ಎಂಬ ಶಂಕೆಯಿಂದ ರಾತ್ರಿಯಿಡೀ ನಿದ್ರಿಸಲಿಲ್ಲವೆಂದು ಮುಸ್ನದ್ ಅಹ್ಮದ್‌ನಲ್ಲಿದೆ. ಕೈಯಲ್ಲಿ ಇನ್ನೊಬ್ಬರ ಹಕ್ಕು ಉಳಿದುಕೊಂಡಿದ್ದರೆ ನಿದ್ದೆ ಬಾರದಿರುವುದು ಒಳ್ಳೆಯದೇ. ಅಂಥವನು ಮಾತ್ರೆ ನುಂಗುವ ಬದಲು ಹಕ್ಕನ್ನು ಹಿಂದಿರುಗಿಸಲಿ. ಆದರೆ ಆ ಲೆಕ್ಕವನ್ನು ಅವನೇ ನೋಡಿಕೊಳ್ಳಬೇಕು. ನೆರೆಮನೆಯವನು ಅದನ್ನು ಊಹಿಸಿ ತೀರ್ಪು ಕೊಡುವಂತಿಲ್ಲ.

ಹಾಗಾದರೆ ಝಿಕ್ರ್, ದುಆಗಳಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಆದರೆ ಅವುಗಳನ್ನು ನಿದ್ದೆಮಾತ್ರೆಯ ಜಾಗದಲ್ಲಿ ಇಡಬೇಡಿ. ಮಾತ್ರೆ ಕೆಲಸ ಮಾಡದಿದ್ದರೆ ಜನರು ಅದನ್ನು ಬಿಸಾಡುತ್ತಾರೆ. ಝಿಕ್ರನ್ನು ಮಾತ್ರೆಯಂತೆ ಪಡೆದವನು ಹತ್ತು ರಾತ್ರಿಯ ಬಳಿಕ ನಿದ್ದೆಯೊಂದಿಗೆ ಝಿಕ್ರನ್ನೂ ಕಳಕೊಳ್ಳುವ ಅಪಾಯವಿದೆ. ಇದು ಸಣ್ಣ ನಷ್ಟವಲ್ಲ. ಮಲಗುವಾಗ ಹೇಳುವ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್ ಎಲ್ಲಿಂದ ಬಂದವು? ಬೀಸುವ ಕಲ್ಲು ತಿರುಗಿಸಿ ಕೈ ನೊಂದಿದ್ದ ಹ. ಫಾತಿಮಾ(ರ) ಕೆಲಸಕ್ಕೆ ಒಬ್ಬ ಸೇವಕ ಬೇಕೆಂದು ತಂದೆಯಲ್ಲಿಗೆ ಹೋಗಿದ್ದರು. ಆ ರಾತ್ರಿ ಪ್ರವಾದಿವರ್ಯರು(ಸ) ಮಗಳ ಮನೆಗೆ ಬಂದು, ಸೇವಕನಿಗಿಂತಲೂ ಉತ್ತಮವಾದುದೆಂದು ಇದನ್ನು ಕಲಿಸಿದರು. ಅಲ್ಲಿ ನಿದ್ದೆಯ ದೂರೇ ಇರಲಿಲ್ಲ. ಹ. ಅಲಿ(ರ) ಅದನ್ನು ಜೀವಮಾನವಿಡೀ ಬಿಡಲಿಲ್ಲ. ಸಿಫ್ಫೀನ್ ಯುದ್ಧದ ರಾತ್ರಿಯಲ್ಲೂ ಬಿಡಲಿಲ್ಲವೇ ಎಂದು ಕೇಳಿದಾಗ ಆ ರಾತ್ರಿಯೂ ಬಿಡಲಿಲ್ಲವೆಂದರು. ಸಿಫ್ಫೀನ್‌ನ ರಾತ್ರಿ ಅವರು ಅದನ್ನು ನಿದ್ದೆ ಬರಿಸಲೆಂದು ಹೇಳಿರಲಾರರು! ನಿದ್ದೆ ಬರಲಿ ಬಾರದಿರಲಿ, ದಿನದ ಕೊನೆಯ ಮಾತು ಅಲ್ಲಾಹನ ಹೆಸರಾಗಿರಲಿ ಎಂಬುದಕ್ಕಾಗಿ ಅದನ್ನು ಹೇಳಿ. ಹೇಳಿ ಮುಗಿಸಿದ ಮೇಲೆ, ಬಂತೋ ಇಲ್ಲವೋ ಎಂದು ನಿದ್ದೆಗಾಗಿ ಕಾದು ಕೂರಬೇಡಿ.

ಹ. ಖಾಲಿದ್ ಬಿನ್ ವಲೀದ್(ರ) ನಿದ್ದೆ ಬರುವುದಿಲ್ಲವೆಂದು ಪ್ರವಾದಿಯವರಲ್ಲಿ(ಸ) ದೂರಿಕೊಂಡರೆಂದೂ ಪ್ರವಾದಿಯವರು(ಸ) ಒಂದು ಪ್ರಾರ್ಥನೆಯನ್ನು ಕಲಿಸಿದರೆಂದೂ ತಿರ್ಮಿದಿಯಲ್ಲಿ ಒಂದು ವರದಿಯಿದೆ. ಅದರ ಸನದ್ ಪ್ರಬಲವಲ್ಲವೆಂದು ಇಮಾಮ್ ತಿರ್ಮಿದಿಯವರೇ ಹೇಳಿದ್ದಾರೆ, ಆದ್ದರಿಂದ ನಾನು ಅದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಆದರೂ ಒಂದನ್ನು ಗಮನಿಸಿ. ಅಲ್ಲಾಹನ ಖಡ್ಗವೆಂಬ ಬಿರುದು ಪಡೆದವರ ಹೆಸರಿನಲ್ಲಿ ಇಂತಹದ್ದೊಂದು ದೂರನ್ನು ಹೇಳಲು ನಮ್ಮ ಪೂರ್ವಿಕರು ನಾಚಿಕೊಳ್ಳಲಿಲ್ಲ.

ಶರೀರಕ್ಕೆ ನಿಮ್ಮ ಮೇಲೆ ಹಕ್ಕಿದೆ, ಕಣ್ಣಿಗೂ ಹಕ್ಕಿದೆ ಎಂಬ ಪ್ರವಾದಿವಚನ ನಿಮಗೆ ಗೊತ್ತಿದೆ. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟ ಹ. ಅಬ್ದುಲ್ಲಾ ಬಿನ್ ಅಮ್ರ್‌ರಿಗೆ(ರ) ಅದನ್ನು ಹೇಳಲಾಗಿತ್ತು. ಮಸೀದಿಯ ಕಂಬಗಳ ನಡುವೆ ಹ. ಝೈನಬ್(ರ) ಕಟ್ಟಿದ್ದ ಹಗ್ಗವನ್ನು ಪ್ರವಾದಿವರ್ಯರು(ಸ) ಬಿಚ್ಚಿಸಿದರು. ನಮಾಝಿನಲ್ಲಿ ದಣಿದಾಗ ಆತುಕೊಳ್ಳಲೆಂದು ಕಟ್ಟಿದ ಹಗ್ಗವದು. ಹಕ್ಕು ಎಂದ ಮೇಲೆ ಅದನ್ನು ಸಲ್ಲಿಸುವ ದಾರಿಯನ್ನೂ ಹುಡುಕಬೇಕಾಗುತ್ತದೆ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಿ ಎಂಬ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಇಶಾ ನಮಾಝಿನ ಬಳಿಕ ಹರಟೆಯನ್ನು ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ, ಮಲಗುವಾಗ ದೀಪ ಆರಿಸಲು ಹೇಳಿದ್ದರು. ಇಂದು ನಮ್ಮ ಹರಟೆಯೂ ದೀಪವೂ ಒಂದೇ ವಸ್ತುವಿನಲ್ಲಿ ಸೇರಿಕೊಂಡು ದಿಂಬಿನ ಪಕ್ಕದಲ್ಲಿ ಮಿನುಗುತ್ತಿವೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಇಶಾದ ನಂತರದ ಚಹಾವನ್ನು ಬಿಟ್ಟುಬಿಡಿ. ಚಹಾ ಕಾಫಿಗಳಲ್ಲಿರುವ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಗಳ ಬಳಿಕವೂ ಶರೀರದಲ್ಲಿ ಉಳಿದಿರುತ್ತದೆ.

ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಹಾಸಿಗೆಯಿಂದ ಏಳಬೇಕು, ಕಣ್ಣು ಎಳೆದಾಗಲೇ ಮರಳಿ ಮಲಗಬೇಕು, ಎಷ್ಟೇ ತಡವಾಗಿ ನಿದ್ದೆ ಬಂದಿದ್ದರೂ ಬೆಳಿಗ್ಗೆ ಒಂದೇ ಸಮಯಕ್ಕೆ ಏಳಬೇಕು ಎಂಬ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಝಿನ್ 1972ರಲ್ಲಿ ಮುಂದಿಟ್ಟರು. ಹಾಸಿಗೆಯೆಂದರೆ ಹೊರಳಾಟದ ಜಾಗವೆಂದು ಮನಸ್ಸು ಕಲಿತುಬಿಟ್ಟಿರುತ್ತದೆ, ಆ ಪಾಠವನ್ನು ಮರೆಸಬೇಕು ಎಂಬುದು ಅದರ ತರ್ಕ. ಔಷಧಿಗಿಂತ ಮೊದಲು ಇಂತಹ ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿತು. ಒಂದೇ ಸಮಯಕ್ಕೆ ಏಳುವುದು ನಮಗೇನೂ ಹೊಸದಲ್ಲ. ನಮ್ಮೂರುಗಳಲ್ಲಿ ಸುಬುಹಿಯ ವೇಳೆ ವರ್ಷವಿಡೀ ಸುಮಾರು ಒಂದು ಗಂಟೆಯಷ್ಟೇ ಹಿಂದೆ ಮುಂದೆ ಸರಿಯುತ್ತದೆ. ನಡುರಾತ್ರಿ ಎದ್ದವರು ಎರಡು ರಕಅತ್ ನಮಾಝ್ ಮಾಡಬಹುದು. ಎಚ್ಚರವಾಗಿದ್ದೇನೆ ಎಂಬ ಕಾರಣಕ್ಕೆ ಮಾಡಿ, ನಿದ್ದೆ ಬರಲೆಂಬ ಷರತ್ತು ಹಾಕಬೇಡಿ. ತೂಕಡಿಕೆ ಬಂದರೆ ನಿಲ್ಲಿಸಿ ಮಲಗಿ, ಹದೀಸ್‌ನಲ್ಲಿ ಅದಕ್ಕೂ ಆದೇಶವಿದೆ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು ಮೂರು ತಿಂಗಳು ಮುಂದುವರಿದರೆ ವೈದ್ಯರನ್ನು ಕಾಣಲೇಬೇಕು. ಅದಕ್ಕಿಂತ ಮೊದಲು ಹೋಗುವುದೂ ತಪ್ಪಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವುದು, ಥೈರಾಯ್ಡ್, ಖಿನ್ನತೆ ಹೀಗೆ ಕಾರಣಗಳು ಹಲವು. ಪಕ್ಕದ ಮನೆಯವರಿಗೆ ಬರೆದುಕೊಟ್ಟ ನಿದ್ದೆಮಾತ್ರೆಯನ್ನು ಕೇಳಿ ತಂದು ನುಂಗುವವರಿದ್ದಾರೆ. ವರ್ಷಗಟ್ಟಲೆ ಸೇವಿಸಿದ್ದನ್ನು ಒಂದೇ ದಿನ ನಿಲ್ಲಿಸುವವರೂ ಇದ್ದಾರೆ. ಎರಡೂ ಅಪಾಯ. ಮನಸ್ಸಿನ ಭಾರ ತಡೆಯಲಾಗದಂತಾಗಿ, ರಾತ್ರಿ ಯಾರನ್ನು ಎಬ್ಬಿಸಲಿ ಎಂದು ತೋಚದಿದ್ದರೆ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯಿದೆ. 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟರವರೆಗೆ ನಿದ್ದೆ ಬಾರದವರಿಗೆ ಹೇಳಿದ್ದಾಯಿತು. ನಿದ್ದೆ ಚೆನ್ನಾಗಿ ಬರುವವರಲ್ಲೂ ಒಂದೆರಡು ಮಾತು ಕೇಳಲಿಕ್ಕಿದೆ. ಪ್ರವಾದಿವರ್ಯರು(ಸ) ರಾತ್ರಿ ಬಂದಾಗ ಎಚ್ಚರವಾಗಿರುವವರಿಗೆ ಕೇಳಿಸುವಷ್ಟು, ಮಲಗಿದವರು ಏಳದಷ್ಟು ಮೆಲುದನಿಯಲ್ಲಿ ಸಲಾಮ್ ಹೇಳುತ್ತಿದ್ದರೆಂದು ಹ. ಮಿಕ್‌ದಾದ್(ರ) ತಿಳಿಸಿದ್ದಾರೆ. ಸಲಾಮಿನಂತಹ ಪುಣ್ಯದ ಮಾತಿಗೂ ಈ ಎಚ್ಚರ! ನಮ್ಮ ಮದುವೆಮನೆಗಳ ಧ್ವನಿವರ್ಧಕ ಎಷ್ಟು ಗಂಟೆಗೆ ನಿಲ್ಲುತ್ತದೆ? ನಮ್ಮ ಪ್ರವಚನ ಸಭೆಗಳದ್ದು? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಕಾನೂನು ಬರುವ ಮೊದಲೇ ನಮಗೆ ಮಿಕ್‌ದಾದ್‌ರ(ರ) ಹದೀಸ್ ಗೊತ್ತಿತ್ತು. ನೆರೆಮನೆಯ ರೋಗಿ ಮುಸ್ಲಿಮನೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಹುಟ್ಟುವುದಿಲ್ಲ.

ಇನ್ನು ಸಾಲ. ನಿಮ್ಮಿಂದ ಹಣ ಪಡೆದವನೊಬ್ಬ ಸಂಕಷ್ಟದಲ್ಲಿದ್ದಾನೆ, ನಾಳೆ ಕೊಡಬೇಕಾದ ದಿನ ಎಂದಿಟ್ಟುಕೊಳ್ಳಿ. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಅಲ್ ಬಕರಾ ಅಧ್ಯಾಯದ 280ನೇ ಸೂಕ್ತದಲ್ಲಿದೆ. ನೀವು ಹೇಗೂ ಅವನಿಗೆ ಅವಧಿ ಕೊಡುವವರೇ ಆಗಿರಬಹುದು. ಹಾಗಿದ್ದರೆ ಅವನು ಬೆಳಿಗ್ಗೆ ಬಂದು ಕೇಳುವ ತನಕ ಕಾಯಬೇಡಿ. ಇಂದು ಮಗ್ರಿಬ್ ಆದ ಕೂಡಲೇ ಅವನಿಗೊಂದು ಫೋನು ಮಾಡಿ ತಿಳಿಸಿಬಿಡಿ.