ಖಾಲಿ ದಾರಿ ಯಾರ ಪಾಲಿನದು?

ಗ್ರಾವೆಲ್ ಬೈಕಿಂಗ್ ಎನ್ನುವುದು ಈಚಿನ ಮಾತು. ಡಾಂಬರು ಹಾಕದ ಹಳ್ಳಿದಾರಿ, ಕಾಡುದಾರಿಗಳಲ್ಲಿ ತುಸು ಅಗಲವಾದ ಟೈರಿನ ಸೈಕಲ್ ಏರಿ ದಿನವಿಡೀ ಸಾಗುವುದು ಇದರ ಸ್ವರೂಪ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಸ್ಪರ್ಧೆ ಇದಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಆದರೆ ಇದನ್ನು ಮೆಚ್ಚಿಕೊಂಡವರಲ್ಲಿ ಹೆಚ್ಚಿನವರಿಗೆ ಸ್ಪರ್ಧೆ ಬೇಕಿಲ್ಲ. ಅವರಿಗೆ ಬೇಕಾದದ್ದು ವಾಹನಗಳಿಲ್ಲದ ದಾರಿ. ಹಿಂದಿನಿಂದ ಹಾರ್ನ್ ಕೇಳದ, ಹೊಗೆ ಕುಡಿಸದ, ಲಾರಿ ಬಂತೆಂದು ರಸ್ತೆ ಬಿಟ್ಟು ಇಳಿಯಬೇಕಿಲ್ಲದ ದಾರಿ.

ನಮ್ಮ ಕಡೆ ಗ್ರಾವೆಲ್‌ಗೆ ಗರಸು ಎನ್ನುತ್ತೇವೆ. ಗರಸಿನ ದಾರಿ ಎಂದರೆ ನಮ್ಮವರ ಲೆಕ್ಕದಲ್ಲಿ ಇನ್ನೂ ಡಾಂಬರು ಬರದ ದಾರಿ. ಸವಾರನೊಬ್ಬ ಹುಡುಕಿಕೊಂಡು ಬರುವ ದಾರಿಗೂ, ಊರವರು ಇನ್ನೂ ಆಗಿಲ್ಲ ಎಂದು ಅರ್ಜಿ ಹಿಡಿದು ಅಲೆಯುವ ದಾರಿಗೂ ನೆಲದ ಮೇಲೆ ವ್ಯತ್ಯಾಸವಿಲ್ಲ. ಹಾಗಿದ್ದರೆ ಆ ಖಾಲಿತನವನ್ನು ನಾನು ಸುಖವೆಂದು ಅನುಭವಿಸುವುದು ಸರಿಯೇ?

ನನ್ನ ಊರು ರಾಯಬಾಗ ತಾಲ್ಲೂಕಿನ ಚಿಂಚಲಿ. ಕೃಷ್ಣೆಯ ಬಯಲಿನ ಕಬ್ಬಿನ ಸೀಮೆ. ಇಲ್ಲಿ ದಾರಿ ಖಾಲಿ ಇರುವುದೇ ಅಪರೂಪ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡುತ್ತವೆ. ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ ಬಂತೆಂದರೆ ಸಾಂಗಲಿ, ಕೊಲ್ಹಾಪುರದ ಕಡೆಯಿಂದ ಎತ್ತಿನ ಗಾಡಿಗಳ ಸಾಲು. ಜನ ತುಂಬಿದ ದಾರಿ ನಮ್ಮಲ್ಲಿ ಬರಕತ್ತಿನ ಗುರುತು. ಸೈಕಲ್ಲೂ ನಮಗೆ ಹೊಸದಲ್ಲ. 2006–07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಗೆ ಸಿಕ್ಕ ಸೈಕಲ್ ಮೇಲೆಯೇ ನನ್ನಂಥವರು ಹೈಸ್ಕೂಲು ಮುಗಿಸಿದ್ದು. ಇದೇ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ಮತ್ತು ಪಕ್ಕದ ವಿಜಯಪುರ, ಸೈಕಲ್ ಪಟುಗಳನ್ನು ತಯಾರು ಮಾಡಿದ ಜಾಗಗಳು. ಸೈಕಲ್ ಎಂದರೆ ಶಾಲೆ, ಹೊಲ, ಇಲ್ಲವೇ ಪದಕ. ಯಾರೂ ಇಲ್ಲದ ದಾರಿಗಾಗಿ ಸೈಕಲ್ ಹೊಡೆಯುವುದು ಮಾತ್ರ ನನ್ನ ಮನೆಯವರಿಗೆ ಇಂದಿಗೂ ಅರ್ಥವಾಗಿಲ್ಲ.

ಅಂಥ ದಾರಿ ಬೇಕೆಂದರೆ ಮೀರಜ್–ಲೋಂಡಾ ರೈಲು ಹಿಡಿದು ಬೆಳಗಾವಿ ದಾಟಿ ಖಾನಾಪುರದಲ್ಲಿ ಇಳಿಯಬೇಕು. ಅಲ್ಲಿಂದ ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ, ಮಹದಾಯಿ ಹುಟ್ಟುವ ದೇಗಾಂವ ಎರಡೂ ಈ ತಾಲ್ಲೂಕಿನಲ್ಲೇ ಇವೆ. ಭೀಮಗಡ ವನ್ಯಜೀವಿ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಆದರೆ ಕಾಡಂಚಿನ ಹಳ್ಳಿಗಳನ್ನು ಜೋಡಿಸುವ ಗರಸಿನ ದಾರಿಗಳಲ್ಲಿ ಗಂಟೆಗಟ್ಟಲೆ ಒಂದೂ ವಾಹನ ಎದುರಾಗುವುದಿಲ್ಲ. ಟೈರಿನಡಿ ಕಲ್ಲು ಕರಕರ ಎನ್ನುವ ಸದ್ದು, ನಮ್ಮದೇ ಉಸಿರು, ಎಲ್ಲೋ ಒಂದು ಮರಕುಟಿಗ. ಪ್ರಬಂಧದ ಅಧ್ಯಾಯ, ಮಾರ್ಗದರ್ಶಕರ ಫೋನು, ನಿಂತ ಫೆಲೋಶಿಪ್ಪು ಎಲ್ಲವೂ ಏರಿನಲ್ಲಿ ಒಂದೊಂದಾಗಿ ಹಿಂದೆ ಉಳಿಯುತ್ತವೆ. ಈ ಸುಖ ಸುಳ್ಳಲ್ಲ.

ಅಲ್ಲೊಮ್ಮೆ ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿದರು. ಮರಾಠಿ ಬೆರೆತ ಕನ್ನಡದಲ್ಲಿ, “ಯಾಕೋ ತಮ್ಮಾ, ಬಸ್ ತಪ್ಪಿತೇನ?” ಎಂದರು.

“ಇಲ್ಲ ಆಯಿ, ಸೈಕಲ್ ಹೊಡ್ಯಾಕಂತನ ಬಂದೇನಿ.”

“ಇಂಥಾ ದಾರ್ಯಾಗ?”

“ಹೌದು. ಇಲ್ಲಿ ಗಾಡಿ ಇಲ್ಲಲ್ಲ, ಅದಕ್ಕ.”

“ಅದನ್ನ ನಾವೂ ಹೇಳ್ಕೋತ ಬಂದೇವಿ, ಗಾಡಿ ಇಲ್ಲಂತ” ಎಂದು ನಕ್ಕು ಮುಂದೆ ನಡೆದರು.

ಒಂದೇ ವಾಕ್ಯ. ನನ್ನ ಬಾಯಲ್ಲಿ ಅದು ಹೊಗಳಿಕೆ, ಅವರ ಬಾಯಲ್ಲಿ ದೂರು. ಭೀಮಗಡ ಅಭಯಾರಣ್ಯವೆಂದು ಘೋಷಣೆಯಾದದ್ದು 2011ರಲ್ಲಿ. ವಿಸ್ತಾರ ಸುಮಾರು 190 ಚದರ ಕಿಲೋಮೀಟರು. ಅದರೊಳಗಿನ ಹಳ್ಳಿಗಳು ಅದಕ್ಕಿಂತ ಬಹಳ ಹಳೆಯವು. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಅವು ಹೊರಜಗತ್ತಿಗೆ ಸಿಗುವುದಿಲ್ಲ. 2024ರ ಜುಲೈನಲ್ಲಿ ಆಮಗಾಂವದ ಜನ ಅಸ್ವಸ್ಥರಾದ ಮಹಿಳೆಯೊಬ್ಬರನ್ನು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ಆಂಬುಲೆನ್ಸ್ ನಿಂತಲ್ಲಿಗೆ ತಂದರು. ಆ ದಾರಿಯೂ ವಾಹನಮುಕ್ತವೇ.

ಸೌಂದರ್ಯವನ್ನು ಇಂಥ ಪ್ರಶ್ನೆಗಳಿಂದ ಬೇರೆ ಇಡಬೇಕು ಎಂಬ ವಾದವೊಂದಿದೆ. 1790ರ ತನ್ನ ಗ್ರಂಥದಲ್ಲಿ ಕಾಂಟ್ ಅರಮನೆಯ ಉದಾಹರಣೆ ಕೊಡುತ್ತಾನೆ. ಅರಮನೆ ಸುಂದರವಾಗಿದೆಯೇ ಎಂದು ಕೇಳಿದಾಗ, ಜನರ ಬೆವರನ್ನು ಇಂಥದ್ದಕ್ಕೆ ಸುರಿಯುವ ದೊಡ್ಡವರನ್ನು ರೂಸೋನ ಧಾಟಿಯಲ್ಲಿ ಬೈಯಬಹುದು. ಬೈಗುಳ ನ್ಯಾಯವೇ ಇರಬಹುದು, ಆದರೆ ಕೇಳಿದ ಪ್ರಶ್ನೆ ಅದಲ್ಲ ಎನ್ನುತ್ತಾನೆ ಕಾಂಟ್. ಅರಮನೆಯ ಮಟ್ಟಿಗೆ ಈ ಮಾತು ನಡೆಯುತ್ತದೆ. ಕಟ್ಟಿದವರ ಬೆವರು ಆರಿಹೋಗಿದೆ, ಗೋಡೆ ನಿಂತಿದೆ. ಎರಡನ್ನೂ ಬೇರೆ ಬೇರೆ ನೋಡಬಹುದು. ದಾರಿಯ ಖಾಲಿತನ ಹಾಗಲ್ಲ. ಬಾರದ ಬಸ್ಸೇ ನಾನು ಮೆಚ್ಚುವ ಮೌನ. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳಲಾಗದು. ಹಾಗಾಗಿ ಇಲ್ಲಿ ಸೌಂದರ್ಯದ ಪ್ರಶ್ನೆಯೂ ನ್ಯಾಯದ ಪ್ರಶ್ನೆಯೂ ಒಂದೇ ದಾರಿಯಲ್ಲಿ ಬರುತ್ತವೆ.

ಹಾಗೆಂದು ಎಲ್ಲ ಕಡೆ ಡಾಂಬರು ಹಾಕಿಬಿಟ್ಟರೆ ನ್ಯಾಯ ಸಿಕ್ಕಿತು ಎನ್ನುವುದೂ ಕಷ್ಟ. ಕಾಡಿನ ದಾರಿಯ ಮೇಲೆ ಮನುಷ್ಯರದಷ್ಟೇ ಹಕ್ಕಿಲ್ಲ. ರಸ್ತೆ ಅಗಲವಾದರೆ ವೇಗ ಹೆಚ್ಚುತ್ತದೆ, ದಾಟುವ ಪ್ರಾಣಿ ಸಾಯುತ್ತದೆ. ನಮ್ಮ ರಾಜ್ಯದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಬಂಡೀಪುರ. ಅಲ್ಲಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ; 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಯನಾಡಿನ ಜನ ಇದನ್ನು ಪ್ರಶ್ನಿಸುತ್ತಲೇ ಇದ್ದಾರೆ, ಅವರ ಕಷ್ಟವೂ ನಿಜ. ಆದರೂ ಆ ವ್ಯವಸ್ಥೆಯಲ್ಲಿ ಒಂದು ವಿವೇಕವಿದೆ: ಆಂಬುಲೆನ್ಸಿಗೆ ಮತ್ತು ಕೆಲವೇ ಬಸ್ಸುಗಳಿಗೆ ಗೇಟು ತೆರೆಯುತ್ತದೆ.

ಬಂಡೀಪುರದ ರಾತ್ರಿ ಮತ್ತು ಆಮಗಾಂವದ ಮಳೆಗಾಲ, ಎರಡರಲ್ಲೂ ದಾರಿ ಖಾಲಿ. ಒಂದು ಖಾಲಿತನವನ್ನು ಯೋಚಿಸಿ, ವಾದ ಮಾಡಿ, ನಷ್ಟ ಯಾರಿಗೆ ಎಂದು ಕೇಳಿ ನಿರ್ಧರಿಸಲಾಗಿದೆ. ಇನ್ನೊಂದನ್ನು ಯಾರೂ ನಿರ್ಧರಿಸಿಲ್ಲ, ಅದು ಸುಮ್ಮನೆ ಉಳಿದುಕೊಂಡಿದೆ. ಎರಡನ್ನೂ ಬೇರೆ ಮಾಡಲು ನನಗೆ ಕಾಣುವ ಪರೀಕ್ಷೆ ಸರಳ. ಈ ಮೌನವನ್ನು ತುರ್ತಿನಲ್ಲಿ ಮುರಿಯುವ ಹಕ್ಕು ಅಲ್ಲಿರುವವರಿಗೆ ಇದೆಯೇ? ಹೆರಿಗೆ ನೋವು ಬಂದ ರಾತ್ರಿ ಒಂದು ಜೀಪು ಒಳಗೆ ಬರಬಲ್ಲುದಾದರೆ, ಉಳಿದ ದಿನ ಆ ದಾರಿ ಎಷ್ಟು ನಿಶ್ಶಬ್ದವಾಗಿದ್ದರೂ ಅದು ಎಲ್ಲರ ಮೌನ. ಬರಲಾರದಾದರೆ ಅದು ಕೈಬಿಟ್ಟವರ ಮೌನ, ನಾನು ಅದರ ಅತಿಥಿ ಮಾತ್ರ.

ಈ ಮಾತು ಕಾಡಿನ ವಿರುದ್ಧವಲ್ಲ. ಹಳ್ಳ ದಾಟಲು ಒಂದು ಸಣ್ಣ ಸೇತುವೆಗೂ ಚತುಷ್ಪಥ ಹೆದ್ದಾರಿಗೂ ನಡುವೆ ಬೇಕಾದಷ್ಟು ಜಾಗವಿದೆ. ಇನ್ನೊಂದು ದಾರಿಯನ್ನೂ ಸರ್ಕಾರ ತೆರೆದಿದೆ. 2025ರಲ್ಲಿ ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಹೊರಬರಲು ತೀರ್ಮಾನಿಸಿದವು. ಒಪ್ಪಿ ಬಂದವರ ನಿರ್ಧಾರವನ್ನು ದೂರದಿಂದ ಅಳೆಯುವ ಅಧಿಕಾರ ನನಗಿಲ್ಲ. ಶಾಲೆ, ಆಸ್ಪತ್ರೆಯ ಹತ್ತಿರ ಬದುಕುವ ಆಸೆ ಸಹಜ. ಆದರೆ ರಸ್ತೆಗಾಗಿ ಕಾದು ಸಾಕಾಗಿ ಹೊರಟವನಿಗೂ, ಸೌಲಭ್ಯವಿದ್ದೂ ಬೇರೆ ಬದುಕು ಬೇಕೆಂದು ಹೊರಟವನಿಗೂ ‘ಸ್ವಇಚ್ಛೆ’ ಎಂಬ ಪದ ಒಂದೇ ತೂಕದ್ದಲ್ಲ. ಅವರೆಲ್ಲ ಹೋದ ಮೇಲೆ ಆ ದಾರಿ ನನ್ನಂಥವನ ಲೆಕ್ಕದಲ್ಲಿ ಇನ್ನೂ ಚೆಂದವಾಗುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಹಾಗಾದರೆ ಸೈಕಲ್ ಬಿಡಬೇಕೇ? ನಾನು ಬಿಟ್ಟರೆ ಆಮಗಾಂವಕ್ಕೆ ಬಸ್ಸು ಬರುವುದಿಲ್ಲ. ತನ್ನ ಸುಖವನ್ನು ತಾನೇ ಶಿಕ್ಷಿಸಿಕೊಳ್ಳುವುದರಿಂದ ಯಾರ ಕಷ್ಟವೂ ಇಳಿಯದು. ಆದರೆ ಸುಖಕ್ಕೆ ಒಂದು ಮಿತಿ ಹಾಕಿಕೊಳ್ಳಬಹುದು. ಈ ದಾರಿ ಹೀಗೇ ಇರಲಿ ಎಂಬ ಮಾತು ನನ್ನಂಥ ಸವಾರನ ಬಾಯಿಂದ ಬರಬಾರದು. ಸಂಜೆ ರೈಲು ಹತ್ತಿ, ಟ್ರ್ಯಾಕ್ಟರು ಓಡುವ, ನಾಲ್ಕು ಆಸ್ಪತ್ರೆಗಳ ದಾರಿ ತೆರೆದಿರುವ ಊರಿಗೆ ಮರಳುವವನು ನಾನು. ದಾರಿ ಹೇಗಿರಬೇಕೆಂದು ಮೊದಲು ಹೇಳಬೇಕಾದವರು ಅಲ್ಲಿ ಮಳೆಗಾಲ ಕಳೆಯುವವರು. ಅವರು ಸೇತುವೆ ಕೇಳಿದರೆ ಅರ್ಜಿಯಲ್ಲಿ ನನ್ನದೂ ಒಂದು ಸಹಿ ಇರಬೇಕು, ಆ ಸೇತುವೆಯ ಮೇಲೆ ನಾಳೆ ನನ್ನ ಹಿಂದೆ ಹಾರ್ನ್ ಕೇಳಿಸಿದರೂ.