ಸನ್ಯಾಸಿಯ ಭಿಕ್ಷೆಯೂ ನಮ್ಮ ನಾಲಿಗೆಯೂ



ಕಾವಿಯನ್ನುಟ್ಟ ಸನ್ಯಾಸಿಯು ನಮ್ಮ ಬೀದಿಗೆ ಭಿಕ್ಷೆಗಾಗಿ ಬರುವಾಗ ನಮ್ಮಲ್ಲಿ ಕೆಲವರು ಅವನನ್ನು ಸೋಮಾರಿಯೆಂದು ಹಾಸ್ಯಮಾಡುವದುಂಟು. ಕಾವಿಯ ಮರೆಯಲ್ಲಿ ಹೊಟ್ಟೆ ಹೊರೆಯುವವರೂ ಇದ್ದಾರೆಂಬದು ನಿಜ. ಆದರೆ ಅವನ ಶಾಸ್ತ್ರವು ಅವನಿಗೆ ಇಟ್ಟಿರುವ ಕಟ್ಟಳೆಯನ್ನು ತಿಳಿಯದೆ ನಗುವದು ನಮಗೆ ತಕ್ಕದ್ದಲ್ಲ.

ಆ ಕಟ್ಟಳೆಯು ಮನುಸ್ಮೃತಿಯ 6ನೆಯ ಅಧ್ಯಾಯದಲ್ಲಿದೆ. ಸನ್ಯಾಸಿಯು ದಿನಕ್ಕೆ ಒಂದೇ ಸಾರಿ ಭಿಕ್ಷೆಗೆ ಹೋಗತಕ್ಕದ್ದು. ಅದೂ ಯಾವಾಗ? ಅಡಿಗೆಯ ಹೊಗೆ ನಿಂತು, ಒನಕೆಯ ಸದ್ದಡಗಿ, ಒಲೆಯ ಕೆಂಡ ಆರಿ, ಮನೆಯವರೆಲ್ಲರೂ ಉಂಡಾದ ಮೇಲೆ. ಸಿಕ್ಕಿದರೆ ಹಿಗ್ಗಬಾರದು, ಸಿಕ್ಕದಿದ್ದರೆ ಕುಗ್ಗಬಾರದು. ರುಚಿಯ ಆಶೆಯನ್ನು ಬೇರುಸಹಿತ ಕೀಳಬೇಕೆಂಬದೇ ಇದರ ಉದ್ದೇಶ. ಕಠೋಪನಿಷತ್ತು ಇಂದ್ರಿಯಗಳನ್ನು ರಥದ ಕುದುರೆಗಳಿಗೂ ಮನಸ್ಸನ್ನು ಲಗಾಮಿಗೂ ಹೋಲಿಸುತ್ತದೆ. ಈ ಕುದುರೆಗಳಲ್ಲಿ ನಾಲಿಗೆಯೇ ಬಹು ಮೊಂಡಾದದ್ದು. ಮಿಕ್ಕ ಇಂದ್ರಿಯಗಳನ್ನು ಗೆದ್ದರೂ ನಾಲಿಗೆಯನ್ನು ಗೆಲ್ಲದವನು ಜಿತೇಂದ್ರಿಯನಲ್ಲವೆಂದು ಭಾಗವತದ 11ನೆಯ ಸ್ಕಂಧವು ತಿಳಿಸುತ್ತದೆ.

ನಾಲಿಗೆಗೆ ಎರಡು ಕೆಲಸಗಳುಂಟು. ಒಂದು ರುಚಿ ನೋಡುವದು, ಇನ್ನೊಂದು ಮಾತಾಡುವದು. ಮನುವು ಎರಡನೆಯದಕ್ಕೂ ಕಡಿವಾಣ ಹಾಕಿದ್ದಾನೆ. ಸಿಟ್ಟಾದವನ ಮೇಲೆ ಸನ್ಯಾಸಿಯು ಸಿಟ್ಟಾಗಬಾರದು. ಬೈದವನಿಗೆ ಒಳ್ಳೇ ಮಾತನ್ನೇ ಆಡಬೇಕು.

ಸಹೋದರರೇ, ಈ ಉಪದೇಶವು ನಮಗೆ ಹೊಸದೋ? ನಮ್ಮ ಕರ್ತನು ಬೆಟ್ಟದ ಮೇಲೆ ಇದನ್ನೇ ಕಲಿಸಲಿಲ್ಲವೋ? ಮನುವು ಇದನ್ನು ಮನೆಮಾರು ಬಿಟ್ಟು ಹೊರಟವನಿಗೆ ವಿಧಿಸಿದನು. ಕರ್ತನಾದರೋ ಹೆಂಡತಿ ಮಕ್ಕಳು, ಹೊಲ ಮನೆ, ದನ ಕರು ಇರುವ ನಮಗೂ ವಿಧಿಸಿದ್ದಾನೆ. ನಮಗೆ ಓಡಿಹೋಗಲು ಅಡವಿ ಇಲ್ಲ. ಬದುವಿನ ಜಗಳದಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಸಭೆಯ ಕೂಟದಲ್ಲಿಯೂ ನಮ್ಮ ಪರೀಕ್ಷೆ ನಡೆಯುತ್ತದೆ. ಆಹಾರದ ವಿಷಯದಲ್ಲಿ ಕರ್ತನು ಬಿಡುಗಡೆ ಕೊಟ್ಟನೆಂದು ಸಂತೋಷಪಡುತ್ತೇವೆ. ಆದರೆ ಅದೇ ಉಪದೇಶದಲ್ಲಿ ಆತನು ಬಾಯಿಂದ ಹೊರಡುವ ಮಾತಿನ ಲೆಕ್ಕವನ್ನು ಬಿಗಿಮಾಡಿದ್ದನ್ನು ಮರೆಯುತ್ತೇವೆ. ತುತ್ತು ಬಿಟ್ಟವನನ್ನು ನೋಡಿ ನಗುವ ನಾವು ಒಂದು ಕೆಟ್ಟ ಮಾತನ್ನು ಬಿಡಲಾರದೆ ಇದ್ದೇವಲ್ಲಾ!

ಮನುಷ್ಯನು ಮೃಗಪಕ್ಷಿಗಳನ್ನು ಪಳಗಿಸಿದರೂ ನಾಲಿಗೆಯನ್ನು ಪಳಗಿಸಲಾರನೆಂದು ಯಾಕೋಬನು ತನ್ನ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಆದಕಾರಣ ಸ್ವಂತ ಬಲದಲ್ಲಿ ಭರವಸವಿಡದೆ, ಹೊಸ ಹೃದಯವನ್ನು ಕೊಡುವ ದೇವರ ಬಾಗಿಲಲ್ಲಿ ನಾವೂ ದಿನಾಲೂ ಕೈಯೊಡ್ಡಬೇಕು. ಆ ಬಾಗಿಲಲ್ಲಿ ನಾವೆಲ್ಲರೂ ಭಿಕ್ಷುಕರೇ.

ಇನ್ನು ಮುಂದೆ ಸನ್ಯಾಸಿಯು ನಮ್ಮ ಅಂಗಳಕ್ಕೆ ಬಂದರೆ ಅವನಿಗೆ ಹಿಡಿ ಅಕ್ಕಿ ಕೊಡೋಣ. ನಮ್ಮ ಕೈಯದನ್ನು ಅವನು ತೆಗೆದುಕೊಳ್ಳದೆ ಹೋದರೂ ಹಾಸ್ಯದ ಮಾತಿಲ್ಲದೆ ಅವನನ್ನು ಕಳುಹಿಸೋಣ. ಆ ದಿನ ನಮ್ಮ ನಾಲಿಗೆಗೆ ಅದೇ ಉಪವಾಸವಾಗಲಿ.